ಮಾವನವರು ಕೈಗೆ ಸುತ್ತಿಕೊಂಡ ದಾರ

ಈಚೆಗೆ ಔರಾದ ಶಹಾಜನಿಯ ಸಂತೆಯಲ್ಲಿ ನಾಲ್ಕಾರು ಜನ ನನ್ನನ್ನು ಆಡುಕಳ್ಳಿ ಎಂದು ತಿಳಿದು ಸುತ್ತುಗಟ್ಟಿದರು. ತಪ್ಪು ಅವರದಲ್ಲ. ಒಬ್ಬ ಅಜ್ಜ ಆಡಿನ ಹಗ್ಗವನ್ನು ಒಂದು ಅಂಗೈಗೆ ಸುತ್ತಿಕೊಂಡು ಇನ್ನೊಂದು ಕೈಯಿಂದ ಭಜಿ ತಿನ್ನುತ್ತ ನಿಂತಿದ್ದ. ಆಡು ಪಕ್ಕದ ಮೆಂತೆಸೊಪ್ಪಿನ ರಾಶಿಯನ್ನೇ ನೋಡುತ್ತಿತ್ತು. ನಾನು ಆಡಿನ ಕಣ್ಣು ನೋಡಿದೆ, ಅಜ್ಜನ ಕೈ ನೋಡಿದೆ. ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯುವ ಮೊದಲು ಅವನ ಅಂಗೈ ಹಿಡಿದು ಹಗ್ಗ ಬಿಚ್ಚತೊಡಗಿದ್ದೆ.

"ಏ ಬಾಯಿ, ಏನ್ ಮಾಡ್ಲತ್ತಿ?"

"ಸುತ್ತಿಕೋಬ್ಯಾಡ್ರಿ ಅಜ್ಜಾ. ಒಮ್ಮಿಗಿಲೆ ಎಳೀತಂದ್ರ ಕೈ ಹೋಗ್ತದ."

"ಇದು ಆಡು ಅದವ್ವಾ. ಆನಿ ಅಲ್ಲ."

ಅಷ್ಟರಲ್ಲಿ ಹಗ್ಗ ಬಿಚ್ಚಿತ್ತು. ಆಡು ಮೆಂತೆಯ ರಾಶಿಯ ಮೇಲೆ ನಿಂತಿತ್ತು. ಮೆಂತೆ ಮಾರುವವಳು ಕೂಗಿದಳು, ಅಜ್ಜ ಕೂಗಿದ, ಜನ ಸೇರಿದರು. ಕೊನೆಗೆ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬ ಬಂದು, "ಬಿಡ್ರಿ ಬಿಡ್ರಿ, ನಮ್ಮ ಮೇಡಂ ಅವರು. ಒಳ್ಳೆಯವರಾ ಇದ್ರು. ಸಮುದ್ರಕ್ಕ ಹೋಗಿ ಬಂದಮ್ಯಾಲ ಹಿಂಗ ಆಗ್ಯಾರ" ಎಂದು ನನ್ನನ್ನು ಬಿಡಿಸಿದ. ಅಜ್ಜ ನನ್ನನ್ನು ಕನಿಕರದಿಂದ ನೋಡಿದ. ಅದಕ್ಕಿಂತ ಕಳ್ಳಿ ಎಂದಿದ್ದರೇ ಮರ್ಯಾದೆ ಉಳಿಯುತ್ತಿತ್ತು.

ಆ ಹುಡುಗ ಹೇಳಿದ್ದು ನಿಜ. ಈಗ ನನಗೆ ಕೈಗೆ ಸುತ್ತಿದ ಯಾವುದನ್ನೂ ನೋಡಲಾಗುವುದಿಲ್ಲ. ಗಾಳಿಪಟದ ದಾರ, ಎಮ್ಮೆಯ ಕಣ್ಣಿ, ಸೇದುವ ಹಗ್ಗ, ನಮ್ಮವರು ಬೆರಳಿಗೆ ಸುತ್ತುತ್ತ ಕೂರುವ ಮೊಬೈಲ್ ಚಾರ್ಜರಿನ ವಾಯರು, ಎಲ್ಲವನ್ನೂ ಬಿಚ್ಚಿಸುತ್ತೇನೆ. ಮೊನ್ನೆ ಮದುವೆಯೊಂದರಲ್ಲಿ ಕಂಕಣದ ದಾರ ಕಟ್ಟುವಾಗ ನನ್ನನ್ನು ಊಟದ ಪಂಕ್ತಿಗೆ ಕಳಿಸಿಬಿಟ್ಟರು. ನಿಮ್ಮ ಮನೆಗೆ ನಾನು ಬರುವುದಿದ್ದರೆ ದಯವಿಟ್ಟು ಹೂ ಕಟ್ಟುವುದನ್ನು ಮೊದಲೇ ಮುಗಿಸಿಡಿ.

ಇನ್ನು ಸಮುದ್ರದ ಮಾತು. ನಾನು ಉಮರ್ಗಾದ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಭರತ-ಇಳಿತ, ಸಾಗರದ ಪ್ರವಾಹಗಳು, ಹವಳದ ದಿಬ್ಬಗಳು, ಎಲ್ಲವನ್ನೂ ಕಪ್ಪು ಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ಚಿತ್ರ ಬರೆದು ಹೇಳಿದವಳು. ಆದರೆ ಬಸವಕಲ್ಯಾಣದ ಕಡೆ ಹುಟ್ಟಿ ಉಮರ್ಗಾಕ್ಕೆ ಮದುವೆಯಾಗಿ ಬಂದ ನನಗೆ ನೀರೆಂದರೆ ಕೆರೆ, ಬಾವಿ ಮತ್ತು ದಿನ ಬಿಟ್ಟು ದಿನ ಬರುವ ನಳ. ಅಲೆ ಎಷ್ಟು ಎತ್ತರವಿರುತ್ತದೆ ಎಂದು ಹುಡುಗರು ಕೇಳಿದರೆ ನಮ್ಮ ಕಾಲೇಜಿನ ಕಾಂಪೌಂಡ್ ಗೋಡೆ ತೋರಿಸುತ್ತಿದ್ದೆ. ಗೋಡೆ ಅಲ್ಲಾಡುವುದಿಲ್ಲ ಎಂಬ ವ್ಯತ್ಯಾಸ ನನಗೆ ತಡವಾಗಿ ತಿಳಿಯಿತು.

ಸಮುದ್ರ ನಮ್ಮ ಮನೆಗೆ ಬಂದದ್ದು ಬೋರ್‌ವೆಲ್ಲಿನ ದಾರಿಯಿಂದ. ನಮ್ಮವರದು ಪಂಪಿನ ಅಂಗಡಿ. ಆ ವರ್ಷ ಮೋಟರು ಚೆನ್ನಾಗಿ ಮಾರಿದ್ದಕ್ಕೆ ಕಂಪನಿಯವರು ಬಹುಮಾನ ಕೊಟ್ಟರು. ಮಾಲವಣದ ಬಂದರಿನಿಂದ ದೊಡ್ಡ ದೋಣಿಯಲ್ಲಿ ಹೊರಟು, ದಡ ಕಾಣದಷ್ಟು ದೂರ ಹೋಗಿ, ಅಲ್ಲೇ ದೋಣಿಯಲ್ಲಿ ಉಂಡು ಮಲಗಿ, ಗಾಳ ಹಾಕಿ ಭಾರಿ ಭಾರಿ ಮೀನು ಹಿಡಿಯುವ ಪ್ರವಾಸ. ಇದನ್ನು ಶೋಕಿಗಾಗಿ ಮಾಡುವವರಿದ್ದಾರಂತೆ, ಅದಕ್ಕಾಗಿ ದೇಶ ದೇಶ ತಿರುಗುತ್ತಾರಂತೆ. ನಮ್ಮದು ಹೊಲ ಉಳುವ ಲಿಂಗವಂತರ ಮನೆ. ಮೀನಿನ ಚಿತ್ರವಿದ್ದ ಕ್ಯಾಲೆಂಡರನ್ನು ಅತ್ತೆ ಅಡುಗೆಮನೆಯಿಂದ ತೆಗೆಸಿ ದನದ ಕೊಟ್ಟಿಗೆಗೆ ಹಾಕಿಸಿದ್ದರು. ಅಂಥ ಮನೆಗೆ ಮೀನು ಹಿಡಿಯುವ ಬಹುಮಾನ! ಆದರೆ ಬಹುಮಾನ ಬಿಡುವುದೂ ನಮ್ಮ ಮನೆಯಲ್ಲಿ ರೂಢಿಯಿಲ್ಲ. ನಮ್ಮವರು ಗಾಳದ ಸಂಗತಿ ನನಗೊಬ್ಬಳಿಗೆ ಹೇಳಿ, ಉಳಿದವರ ಮುಂದೆ "ಸಮುದ್ರ ತೋರಿಸ್ಲತ್ತಾರ" ಎಂದಷ್ಟೇ ಹೇಳಿದರು. ತಮ್ಮ ಜೊತೆ ಇಬ್ಬರನ್ನು ಕರೆದೊಯ್ಯಬಹುದಿತ್ತು. ಎಮ್ಮೆ ಈಯುವುದಿದೆ ಎಂದು ಅತ್ತೆ ಒಲ್ಲೆ ಅಂದರು. ಹಾಗಾಗಿ ನಾನು ಹೊರಟೆ, ಮಾವನವರು ಹೊರಟರು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಮ್ಮಲ್ಲಿ ಸೊಸೆ ಮಾವನ ಎದುರು ತಲೆಯ ಮೇಲೆ ಸೆರಗು ಹೊದ್ದು ನಿಲ್ಲಬೇಕು, ನೇರವಾಗಿ ಮಾತಾಡಬಾರದು. ಮಾವನೂ ಸೊಸೆಯ ಜೊತೆ ನೇರ ಮಾತಾಡುವುದಿಲ್ಲ. ಇದು ಜಗಳವಲ್ಲ, ಮರ್ಯಾದೆ. ಆದರೂ ಒಂದೇ ಮನೆಯಲ್ಲಿ ಇರುವವರಿಗೆ ಮಾತು ಬೇಕಲ್ಲ? ಅದಕ್ಕೆ ನಡುವೆ ಯಾರಾದರೂ ಬೇಕು. ಮಗುವಿದ್ದರೆ ಮಗು, ಇಲ್ಲದಿದ್ದರೆ ಬೆಕ್ಕು. ಮಾವನವರು ಅಡುಗೆಮನೆಯ ಬಾಗಿಲಿಗೆ ಬಂದು ಕೆಮ್ಮಿ, ಬೆಕ್ಕಿನ ಕಡೆ ನೋಡಿ, "ಚಾ ಆಗ್ಯಾದೇನು ಕೇಳು" ಎನ್ನುತ್ತಾರೆ. ನಾನು ಬೆಕ್ಕಿಗೆ, "ಸಕ್ಕರಿ ಹಾಕೂದದ ಅಂತ ಹೇಳು" ಎನ್ನುತ್ತೇನೆ. ನಮ್ಮ ಬೆಕ್ಕು ಇಷ್ಟು ವರ್ಷಗಳಲ್ಲಿ ತಹಸೀಲ ಕಚೇರಿಗಿಂತ ಹೆಚ್ಚು ಅರ್ಜಿ ವಿಲೇವಾರಿ ಮಾಡಿದೆ, ಅದೂ ನಿದ್ದೆಗಣ್ಣಿನಲ್ಲಿ. ಒಮ್ಮೆ ಮಾವನವರು ಲೋಹಾರಾಕ್ಕೆ ಹೋದವರು ಫೋನ್ ಮಾಡಿದರು. ಮನೆಯಲ್ಲಿ ನಾನೊಬ್ಬಳೇ. ಫೋನ್ ಎತ್ತಿ ಸುಮ್ಮನೆ ನಿಂತೆ. ಆ ಕಡೆಯಿಂದಲೂ ಸುಮ್ಮನೆ. ಆಮೇಲೆ ಅವರು, "ಹೊಲದಾಗಿನ ಮೋಟರ್ ಚಾಲೂ ಉಳದದ" ಎಂದು ಆಕಾಶವಾಣಿಯವರ ಹಾಗೆ ಸುದ್ದಿ ಹೇಳಿ ಇಟ್ಟರು. ನಾನು ಹೋಗಿ ಮೋಟರ್ ನಿಲ್ಲಿಸಿ ಬಂದೆ. ಎಲ್ಲ ಸುಸೂತ್ರ ನಡೆಯುತ್ತಿತ್ತು.

ಮಾವನವರ ಬಗ್ಗೆ ಇನ್ನೊಂದು ಮಾತು. ಪೋಳಾ ಹಬ್ಬದ ದಿನ ಎತ್ತುಗಳನ್ನು ಸಿಂಗರಿಸಿ ವಾದ್ಯದೊಂದಿಗೆ ಊರಲ್ಲಿ ಮೆರೆಸುತ್ತಾರೆ. ಹಲಗೆಯ ಸದ್ದಿಗೆ ಬೆದರುವ ಹೋರಿಗಳನ್ನು ಹಿಡಿಯಲು ಸುತ್ತಲಿನವರು ಮಾವನವರನ್ನೇ ಕರೆಯುತ್ತಾರೆ. ಹಗ್ಗವನ್ನು ಎಡ ಅಂಗೈಗೆ ಎರಡು ಸುತ್ತು ಸುತ್ತಿ, ಹಿಮ್ಮಡಿ ಊರಿ ನಿಂತರೆಂದರೆ ಹೋರಿಯೇ ನಾಚಿ ನಿಲ್ಲಬೇಕು. ಜನರ ಎದುರು ಹಗ್ಗ ಬಿಟ್ಟ ದಿನ ತನ್ನದಲ್ಲ ಎಂದು ಅವರ ಹೆಮ್ಮೆ.

ಬಸ್ಸುಗಳನ್ನು ಬದಲಿಸುತ್ತ ಮಾಲವಣ ಮುಟ್ಟಿದೆವು. ಸಮುದ್ರ ಕಂಡಿತು. ಭೂಗೋಳದ ಉಪನ್ಯಾಸಕಿ ಬಾಯಿ ತೆರೆದು ನಿಂತಳು. ಮಾವನವರು ಬಹಳ ಹೊತ್ತು ನೋಡಿ ಮಗನಿಗೆ ಹೇಳಿದರು: "ಇಷ್ಟ ನೀರ ಅದ, ಒಂದ ಎಕರೆ ಕಬ್ಬಿಲ್ಲ ನೋಡು."

"ಉಪ್ಪ ನೀರ ಅದರೀ ಅಪ್ಪಾ."

"ಗೊತ್ತದ. ಆದ್ರೂ ಹೊಟ್ಟಿ ಉರೀತದ."

ದೋಣಿಯಲ್ಲಿ ನಮ್ಮ ಜೊತೆ ಇದ್ದವರು ಕೊಲ್ಲಾಪುರದ ಒಬ್ಬ ಪಂಪ್ ವ್ಯಾಪಾರಿ, ದೋಣಿ ನಡೆಸುವ ತಾಂಡೇಲ ಮತ್ತು ಅವನ ಕೈಕೆಳಗಿನ ಒಬ್ಬ ಖಲಾಸಿ. ಕೊಲ್ಲಾಪುರದವರಿಗೆ ಮೀನಿನ ಶೋಕಿ ಹಳೆಯದು. ತಮ್ಮದೇ ಕೋಲು, ತಮ್ಮದೇ ಗಾಳದ ಪೆಟ್ಟಿಗೆ, ಎದೆಗೆ ಬಿಗಿಯುವ ಪಟ್ಟಿ ಎಲ್ಲ ತಂದಿದ್ದರು. ನಾವು ತಂದದ್ದು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮತ್ತು ಉಳ್ಳಾಗಡ್ಡಿ. ಸಂಜೆ ಹೊರಟು ರಾತ್ರಿಯೆಲ್ಲ ದೋಣಿ ನಡೆಯಿತು. ಖಾಡಿ ದಾಟಿ ತೆರೆದ ಕಡಲಿಗೆ ಬಂದ ಕೂಡಲೇ ನಮ್ಮವರು ದೋಣಿಯಂಚಿನ ಕಟಕಟೆ ಹಿಡಿದು ವಾಂತಿಗೆ ಕುಳಿತವರು ಮುಂದೆ ಅಲ್ಲಿಂದ ಏಳಲೇ ಇಲ್ಲ. ಅಂಗಡಿಯಲ್ಲಿ ಗಿರಾಕಿಗಳಿಗೆ ನೂರು ಅಡಿ, ಮುನ್ನೂರು ಅಡಿ ಎಂದು ಆಳದ ಮಾತಾಡುವ ಮನುಷ್ಯ ಆಳವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಬೆಳಗಾಗುವಷ್ಟರಲ್ಲಿ ಇನ್ನೊಂದು ಅನಾಹುತವಾಗಿತ್ತು. ಸಮುದ್ರದ ಹವೆಗೆ ಖಡಕ್ ರೊಟ್ಟಿಗಳೆಲ್ಲ ಮೆತ್ತಗಾಗಿ ಹಳೆಯ ಪಂಚೆಯ ಹಾಗೆ ಜೋತುಬಿದ್ದಿದ್ದವು. ಮಾವನವರು ಒಂದನ್ನು ಎತ್ತಿ ಹಿಡಿದು ಐಸ್ ಪೆಟ್ಟಿಗೆಯ ಕಡೆ ನೋಡಿ, "ರೊಟ್ಟಿ ಜೀವ ಬಿಟ್ಟಾವ ಅಂತ ಹೇಳು" ಎಂದರು. ದೋಣಿಯಲ್ಲಿ ಬೆಕ್ಕು ಇರಲಿಲ್ಲ. ಐಸ್ ಪೆಟ್ಟಿಗೆಯನ್ನೇ ನಾವಿಬ್ಬರೂ ಅದರ ಸ್ಥಾನದಲ್ಲಿ ಕೂರಿಸಿಕೊಂಡಿದ್ದೆವು.

ತಾಂಡೇಲ ಎಲ್ಲರನ್ನೂ ಕೂರಿಸಿ ಮರಾಠಿಯಲ್ಲಿ ನಿಯಮ ಹೇಳಿದ. ನೀರಿನಲ್ಲಿ ತೇಲಿಸುವ ಜಾಕೀಟು ಬಿಚ್ಚಬಾರದು. ಒದ್ದೆ ಹಲಗೆಯ ಮೇಲೆ ಓಡಬಾರದು. ಗಾಳದ ತುದಿಯ ದಪ್ಪ ದಾರವನ್ನು ಏನೇ ಆದರೂ ಕೈಗೆ ಸುತ್ತಿಕೊಳ್ಳಬಾರದು. ಮೀನು ಎಳೆದರೆ ಕುಣಿಕೆ ಬಿಗಿಯುತ್ತದೆ, ಕೈ ಬರುವುದಿಲ್ಲ, ಮನುಷ್ಯನೇ ನೀರಿಗೆ ಹೋಗುತ್ತಾನೆ. ನಾನು ಉಪನ್ಯಾಸ ಕೇಳುವ ಹಾಗೆ ತಲೆಯಾಡಿಸುತ್ತ ಕೇಳಿದೆ. ನಮ್ಮವರು ಕಟಕಟೆಯ ಮೇಲೆ ಇದ್ದರು. ಮಾವನವರು ಕೆಳಗಿನ ಕೋಣೆಯಲ್ಲಿ ಲಿಂಗಪೂಜೆಯಲ್ಲಿದ್ದರು. ಕೊರಳ ಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟು, ಬಲಗೈಯಿಂದ ನೀರು, ವಿಭೂತಿ, ಪತ್ರಿ ಏರಿಸಿ, ಕಣ್ಣು ತುಂಬ ನೋಡುವುದು. ಅದಿಲ್ಲದೆ ಅವರು ಗುಟುಕು ನೀರೂ ಕುಡಿಯುವವರಲ್ಲ. ದೋಣಿ ಅಷ್ಟು ಹೊಯ್ದಾಡುತ್ತಿದ್ದರೂ ಅಂಗೈ ಅಲುಗಿರಲಿಲ್ಲ ಎಂದು ಖಲಾಸಿ ಹೇಳಿದ.

ಮೇಲೆ ಬಂದಾಗ ಗಾಳಗಳನ್ನು ನೋಡಿ ಮಾವನವರ ಮುಖ ಕಪ್ಪಾಯಿತು. ಮಗನ ಬೆನ್ನನ್ನು ದುರುಗುಟ್ಟಿ ನೋಡಿದರು. ಕೊಲ್ಲಾಪುರದವರು ಸಮಾಧಾನ ಹೇಳಿದರು.

"ಕಾಕಾ, ಕೊಲ್ಲೂದಿಲ್ಲ. ಹಿಡೀತೀವಿ, ಫೋಟೋ ತಗೀತೀವಿ, ಮತ್ತ ನೀರಿಗಿ ಬಿಡ್ತೀವಿ."

"ಬಿಡ್ತೀರಿ?"

"ಬಿಡ್ತೀವಿ."

"ಬಿಡೂದಕ್ಕ ಕೊಲ್ಲಾಪುರದಿಂದ ಬಂದೀರಿ?"

"ಅದಾ ಮಜಾ ಕಾಕಾ."

ಮಾವನವರು ಸ್ವಲ್ಪ ಹೊತ್ತು ಯೋಚಿಸಿದರು. ಜೀವ ಹೋಗುವುದಿಲ್ಲ, ಬರೇ ಹಿಡಿದು ತೋರಿಸಿ ಬಿಡುವುದು. "ಅಂದ್ರ ಪೋಳಾನಾ ಆಯ್ತು" ಎಂದರು. ಮುಖ ತಿಳಿಯಾಯಿತು. ಜಾಕೀಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಆಸನದ ಹಾಗೆ ಕೆಳಗೆ ಹಾಕಿಕೊಂಡು ತಮಾಷೆ ನೋಡಲು ಕುಳಿತರು.

ಹೊತ್ತು ಏರುವಾಗ ಕೊಲ್ಲಾಪುರದವರ ಕೋಲು ಬಿಲ್ಲಿನಂತೆ ಬಾಗಿತು. ದಾರದ ಗಾಲಿ ಚೀರತೊಡಗಿತು. ಅವರು ಕುರ್ಚಿಗೆ ಪಟ್ಟಿ ಬಿಗಿದು ಕುಳಿತು ಎಳೆದರು, ಬಿಟ್ಟರು, ಎಳೆದರು. ಬೆವರು ಹರಿಯಿತು. ನಾನು ಕೈಯಲ್ಲಿ ಲಿಂಬೆ ಹಿಡಿದು ನಮ್ಮವರ ಪಕ್ಕ ನಿಂತಿದ್ದೆ. ಕೊನೆಗೆ ಗಾಳದ ತುದಿಯ ದಪ್ಪ ದಾರ ನೀರಿನಿಂದ ಮೇಲೆ ಬಂತು. ಖಲಾಸಿ ಅದನ್ನು ಕೈಗವಸು ತೊಟ್ಟ ಕೈಯಲ್ಲಿ ಹಿಡಿದು, ಗಾಳ ಬಿಡಿಸುವ ಇಕ್ಕಳಕ್ಕಾಗಿ ಹಿಂದೆ ಕೈ ಚಾಚಿದ. ಇಕ್ಕಳ ಎಟುಕಲಿಲ್ಲ. ಮಾವನವರು ಎದ್ದರು.

"ಕೊಡು ಇಲ್ಲಿ. ನಾ ಹಿಡೀತೀನಿ, ನೀ ತಗೊಂಡ ಬಾ."

ಅಷ್ಟು ವಿಶ್ವಾಸದಿಂದ ಹೇಳಿದರೆ ಯಾರಾದರೂ ಕೊಡುತ್ತಾರೆ. ಅವನು ಕೊಟ್ಟ. ಮಾವನವರು ದಾರವನ್ನು ಎಡ ಅಂಗೈಗೆ ಒಂದು ಸುತ್ತು ಸುತ್ತಿದರು. ಎರಡನೆಯದು ಸುತ್ತಿದರು. ಹಿಮ್ಮಡಿ ಊರಿದರು.

ನನಗೆ ತಾಂಡೇಲನ ಮಾತು ಅಕ್ಷರಶಃ ನೆನಪಿತ್ತು. ಬಾಯಿ ಬಿಟ್ಟು ಹೇಳುವುದಷ್ಟೇ ಬಾಕಿ. ಈಗ ನೀವು ಕೇಳಬಹುದು, ಹೇಳಲು ಏನು ಧಾಡಿ ಎಂದು. ನಾನೂ ದಿನಾ ನನ್ನನ್ನು ಅದನ್ನೇ ಕೇಳಿಕೊಳ್ಳುತ್ತೇನೆ. ಆದರೆ ಆ ಕ್ಷಣದಲ್ಲಿ ನನ್ನ ಕೈ ಮೊದಲು ಸೆರಗನ್ನು ಸರಿ ಮಾಡಿತು. ಆಮೇಲೆ ನಾನು ನಮ್ಮವರ ಕಡೆ ತಿರುಗಿದೆ.

"ಕೇಳ್ರಿ ಇಲ್ಲಿ. ದಾರ ಕೈಗಿ ಸುತ್ತಿಕೋಬ್ಯಾಡ್ರಿ ಅಂತ ಅವರಿಗಿ ಹೇಳ್ರಿ."

ಕಟಕಟೆಯ ಆಚೆಯಿಂದ ಕ್ಷೀಣವಾಗಿ ದನಿ ಬಂತು. "ಯಾರಿಗಿ?"

"ಅವರಿಗಿ."

"ಅವರಂದ್ರ ಯಾರು? ಖಲಾಸಿಗೇನು?"

"ಅಲ್ರೀ. ಮನ್ಯಾಗಿನವರಿಗಿ."

"ಮನಿ ಎಲ್ಲದ ಈಗ…" ಎಂದು ನಮ್ಮವರು ಮತ್ತೆ ಸಮುದ್ರದ ಕಡೆ ಬಗ್ಗಿದರು.

ನಾನು ಐಸ್ ಪೆಟ್ಟಿಗೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ದಾರ ಕೈಗಿ ಸುತ್ತಿಕೋಬಾರದಂತ. ತಾಂಡೇಲ ಹೇಳ್ಯಾನ."

ಮಾವನವರಿಗೆ ಕೇಳಿಸಿತು. ಅವರು ಸಮುದ್ರದ ಮೇಲಿನ ಕಣ್ಣು ಕೀಳದೆ ಪೆಟ್ಟಿಗೆಗೇ ಉತ್ತರ ಕೊಟ್ಟರು: "ಹೋರಿ ಹಿಡಿಯೂದು ನನಗ ಯಾರೂ ಕಲಸೂದು ಬ್ಯಾಡ ಅಂತ ಹೇಳು."

ಐಸ್ ಪೆಟ್ಟಿಗೆ ಅದನ್ನು ನನಗೆ ತಲುಪಿಸುವುದರೊಳಗೆ ಮೀನು ದೋಣಿಯನ್ನು ನೋಡಿತು.

ಅದು ಧುಮುಕಿದ್ದು ಕಾಣಲಿಲ್ಲ. ಮಾವನವರ ತೋಳು ನೆಟ್ಟಗಾದದ್ದು ಕಂಡಿತು. ಆಮೇಲೆ ಹಿಮ್ಮಡಿ ಹಲಗೆಯ ಮೇಲೆ ಜಾರತೊಡಗಿತು. ಜಾರುತ್ತ ಜಾರುತ್ತ ಅವರ ಹೊಟ್ಟೆ ಕಟಕಟೆಗೆ ತಾಗಿತು, ಎದೆ ತಾಗಿತು, ಕಾಲು ಎರಡೂ ನೆಲ ಬಿಟ್ಟವು. ಪೋಳಾದಲ್ಲಿ ಹೋರಿ ಎಳೆದರೂ ಕೆಳಗೆ ನೆಲವಿರುತ್ತದೆ. ಇಲ್ಲಿ ನೆಲವೇ ಇರಲಿಲ್ಲ. ಧೋತರದ ಎರಡು ತುದಿ, ಎರಡು ಬರಿಗಾಲು, ಅದರಾಚೆ ನೀಲಿ ನೀರು.

ನಾನು ಹಾರಿ ಅವರ ಸೊಂಟವನ್ನು ಎರಡೂ ಕೈಯಿಂದ ತಬ್ಬಿದೆ. ಬಾಯಿಂದ ಮಾತು ಹೊರಟಿತು. ಯಾರ ಮೂಲಕವೂ ಅಲ್ಲ, ನೇರವಾಗಿ ಅವರ ಕಿವಿಗೆ.

"ಬಿಡೋ ಮುದುಕಾ! ಸಾಯ್ತೀ! ಬಿಡೋ!"

ಮದುವೆಯಾಗಿ ಬಂದ ಮೇಲೆ ನಾನು ಮಾವನವರ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು.

"ಬಿಡ್ಲಿಕ್ಕ ಬರವಲ್ದವಾ!" ಎಂದರು ಅವರು. ಅದು ಅವರು ನನ್ನ ಜೊತೆ ಆಡಿದ ಮೊದಲ ಮಾತು.

ಅವರ ಹೆಗಲ ಮೇಲಿಂದ ನಾನು ನೀರಿನೊಳಗೆ ನೋಡಿದೆ. ಅಷ್ಟು ಹತ್ತಿರದಲ್ಲಿ ಇತ್ತು ಅದು. ಟ್ಯೂನಾ ಎಂದು ಪುಸ್ತಕದಲ್ಲಿ ಓದಿದ್ದು. ತಾಂಡೇಲ ಕುಪ್ಪಾ ಎನ್ನುತ್ತಿದ್ದ. ಎಣ್ಣೆ ಹಚ್ಚಿದಂಥ ಕಡುನೀಲಿ ಬೆನ್ನು, ಅರಿಶಿನ ಬಳಿದ ಕುಡುಗೋಲಿನಂಥ ರೆಕ್ಕೆ. ಮೈ ಒಂದು ಸಲ ಮಗ್ಗುಲಾಯಿತು, ಬೆಳ್ಳಿಯಂತೆ ಹೊಳೆಯಿತು. ಕಣ್ಣು ಕಂಡಿತು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೂ ಬಿಡಲು ಬರುತ್ತಿರಲಿಲ್ಲ.

ತಾಂಡೇಲನ ಚೂರಿ ನನ್ನ ಕಿವಿಯ ಪಕ್ಕದಿಂದ ಹಾದು ದಾರಕ್ಕೆ ತಾಗಿತು. ಟಪ್ ಎಂದಿತು. ಮಾವನವರು ನನ್ನ ಮೇಲೆ ಬಿದ್ದರು, ನಾನು ಐಸ್ ಪೆಟ್ಟಿಗೆಯ ಮೇಲೆ ಬಿದ್ದೆ, ಕೊಲ್ಲಾಪುರದವರು ಕೋಲಿನ ಸಮೇತ ಕುರ್ಚಿಯಲ್ಲಿ ಹಿಂದಕ್ಕೆ ಮಗುಚಿದರು. ಬಿದ್ದಲ್ಲಿಂದ ಎದ್ದ ಕೂಡಲೇ ನಾನು ತಲೆಯ ಮೇಲಿನ ಸೆರಗಿಗಾಗಿ ತಡಕಾಡಿದೆ. ಮಾವನವರು ಧೋತರದ ಕಚ್ಚೆಗೆ ಕೈ ಹಾಕಿದರು. ಆಗ ಇಬ್ಬರಿಗೂ ರಕ್ತ ಕಾಣಿಸಿತು.

ಎಡ ಅಂಗೈ ಅಡ್ಡಕ್ಕೆ ಸೀಳಿತ್ತು. ನಾನು ಅದನ್ನು ವರ್ಣಿಸುವುದಿಲ್ಲ. ತಾಂಡೇಲ ಅರಿವೆ ಬಿಗಿದು ಕಟ್ಟಿ, ದಡದ ಕಡೆ ದೋಣಿ ತಿರುಗಿಸಿದ. ದಡ ಒಂದು ಹಗಲಿನಷ್ಟು ದೂರ. ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿದಿರಬೇಕು, ಇಳಿಸಿದರೆ ರಕ್ತ ನಿಲ್ಲುವುದಿಲ್ಲ, ಯಾರಾದರೂ ಹಿಡಿದುಕೊಳ್ಳಿ ಎಂದ. ನಮ್ಮವರು ಕಟಕಟೆ ಬಿಟ್ಟು ತೆವಳುತ್ತ ಬಂದು, ತಂದೆಯ ಕೈ ಹಿಡಿದು, ರಕ್ತ ನೋಡಿ, ಅಲ್ಲೇ ಒರಗಿಬಿಟ್ಟರು. ಹಾಗಾಗಿ ನಾನು ಹಿಡಿದೆ. ಮಾವನವರ ಮುಂಗೈ ಹಿಡಿದು, ಹುಡುಗರು ಪಾಠದ ನಡುವೆ ಪ್ರಶ್ನೆ ಕೇಳಲು ಕೈ ಎತ್ತುತ್ತಾರಲ್ಲ, ಹಾಗೆ ಎತ್ತಿಕೊಂಡು ಬಿಸಿಲು ಇಳಿಯುವವರೆಗೆ ಕುಳಿತೆ.

ಬಹಳ ಹೊತ್ತಿನ ಮೇಲೆ ಅವರು ಕೇಳಿದರು. ಪೆಟ್ಟಿಗೆಯ ಕಡೆ ನೋಡಲಿಲ್ಲ.

"ಈ ಕೈ ತೆರೀಲಿಲ್ಲಂದ್ರ ಲಿಂಗ ಎಲ್ಲಿ ಕೂಡಸಲಿ?"

ಸಾಯುವ ಮಾತಿಲ್ಲ, ನೋವಿನ ಮಾತಿಲ್ಲ, ಹೊಲದ ಮಾತಿಲ್ಲ. "ತೆರೀತದರೀ" ಎಂದೆ. ಭೂಗೋಳದವಳಿಗೆ ಅಂಗೈಯ ಬಗ್ಗೆ ಏನು ತಿಳಿಯುತ್ತದೆ?

ದಡದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಒಳಗಿನ ನರಕ್ಕೂ ಪೆಟ್ಟಾಗಿದೆ, ಪಟ್ಟಿ ಬಿಚ್ಚಿದ ಮೇಲೆಯೇ ಕೈ ಎಷ್ಟು ತೆರೆಯುತ್ತದೆ ಎಂದು ಹೇಳಬಹುದು ಅಂದರು. ಮರುದಿನ ಬೆಳಿಗ್ಗೆ ಪೂಜೆಯ ಹೊತ್ತಿಗೆ ಮಾವನವರು ಬಲ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡರು. ನೀರು ಹಾಕಲು ಇನ್ನೊಂದು ಕೈ ಇರಲಿಲ್ಲ. ನಮ್ಮವರಿಗೆ ನೆಲದ ಮೇಲೂ ತಲೆ ತಿರುಗುತ್ತಿತ್ತು. ಮಾವನವರು ನನ್ನ ಕಡೆ ನೋಡಿದರು. ನಾನು ಎದುರು ಕುಳಿತು ನೀರು ಬಿಟ್ಟೆ, ವಿಭೂತಿ ಹಚ್ಚಿದೆ, ಡಬ್ಬಿಯಲ್ಲಿ ತಂದಿದ್ದ ಒಣಗಿದ ಪತ್ರಿ ಏರಿಸಿದೆ.

ಮನೆಗೆ ಬರುವ ಬಸ್ಸಿನಲ್ಲಿ ಅತ್ತೆಗೆ ಏನು ಹೇಳುವುದೆಂದು ಮೂವರೂ ಕೂಡಿ ನಿರ್ಧರಿಸಿದೆವು. ದೋಣಿಯ ಹಗ್ಗ ತಾಕಿತು, ಅಷ್ಟೇ. ಮೀನಿನ ಸುದ್ದಿ ಬೇಡ, ನಾನು ಮುದುಕಾ ಎಂದ ಸುದ್ದಿಯಂತೂ ಬೇಡವೇ ಬೇಡ. ಅತ್ತೆ ಕೇಳಿದರು, ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು, "ಹಗ್ಗಕ್ಕ ಹಲ್ಲ ಇದ್ದುವೇನು?" ಎಂದಷ್ಟೇ ಹೇಳಿ ಎಮ್ಮೆಯ ಹತ್ತಿರ ಹೋದರು.

ಮರುದಿನದಿಂದ ಪೂಜೆಗೆ ಕೈ ಹಚ್ಚಲು ಅತ್ತೆಯೇ ಕುಳಿತರು. ಆದರೆ ಅತ್ತೆ ನೀರು ಹಾಕುವುದೆಂದರೆ ಕರುವಿನ ಮೈ ತೊಳೆದ ಹಾಗೆ. ಎರಡನೆಯ ತಂಬಿಗೆಗೆ ಮಾವನವರ ಮಡಿಲೆಲ್ಲ ತೊಯ್ದಿತು.

"ಸೊಸಿ ಬರಲಿ. ಆಕಿಗಿ ಅಂದಾಜದ."

ಅತ್ತೆ ತಂಬಿಗೆ ಕೆಳಗಿಟ್ಟು ಒಲೆಯ ಹತ್ತಿರ ಹೋದರು. ನಾನು ಹೋಗಿ ಕುಳಿತೆ. ಮಾವನವರು ಲಿಂಗದ ಮೇಲಿನ ದೃಷ್ಟಿ ತೆಗೆಯದೆ, ಬಹಳ ಸಣ್ಣ ದನಿಯಲ್ಲಿ ಕೇಳಿದರು.

"ಎಷ್ಟ ದೊಡ್ಡದಿತ್ತು?"

ನನಗೆ ತಿಳಿಯಲಿಲ್ಲ. "ಯಾವುದ್ರಿ?"

"ಅದಾ. ನಾ ನೋಡೇ ಇಲ್ಲ. ನೀರ ಹಾರಿ ಕಣ್ಣಾಗ ಬಿತ್ತು, ಕಣ್ಣ ಮುಚ್ಚಿದ್ದೆ. ನನ್ನ ಎಳಕೊಂಡ ಹೊಂಟಿದ್ದು ಏನಂತ ನನಗ ಗೊತ್ತಾಗಬೇಕೋ ಬ್ಯಾಡೋ?"

ಅದನ್ನು ನೋಡಿದವಳು ನಾನೊಬ್ಬಳೇ. ಕೊಲ್ಲಾಪುರದವರ ಕುರ್ಚಿ ತಗ್ಗಿನಲ್ಲಿತ್ತು, ತಾಂಡೇಲನಿಗೆ ದಾರದ ಮೇಲೆ ಕಣ್ಣು, ಖಲಾಸಿ ಇಕ್ಕಳಕ್ಕೆ ಹೋಗಿದ್ದ, ನಮ್ಮವರ ವಿಷಯ ಬಿಡಿ. ಆ ದಿನದಿಂದ ನನಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಕಣ್ಣು ಮುಚ್ಚಿದರೆ ಹಿಮ್ಮಡಿ ಜಾರುತ್ತಿತ್ತು. ಯಾರ ಮುಂದೆಯೂ ಹೇಳಿರಲಿಲ್ಲ. ಅವರು ಕೇಳಿದ್ದೇ ತಡ, ವಿಭೂತಿ ಹಿಡಿದ ಕೈ ಹಾಗೇ ಇಟ್ಟುಕೊಂಡು ಹೇಳತೊಡಗಿದೆ. ಬೆನ್ನಿನ ಬಣ್ಣ ಹೇಳಿದೆ, ರೆಕ್ಕೆ ಹೇಳಿದೆ, ಮಗ್ಗುಲಾದಾಗ ಹೊಳೆದದ್ದು ಹೇಳಿದೆ, ನಮ್ಮ ಕಡೆ ನೋಡಿದ್ದು ಹೇಳಿದೆ.

"ಕರುವಿನಷ್ಟ?"

"ಆರ ತಿಂಗಳ ಕರುವಿನಷ್ಟರೀ."

"ಹೋರಿಗರುವೋ, ಆಕಳಗರುವೋ?"

"ಹೋರಿಗರುವರೀ."

ಅವರಿಗೆ ಸಮಾಧಾನವಾಯಿತು. ಮರುದಿನ ಮತ್ತೆ ಕೇಳಿದರು. ಅದರ ಮರುದಿನವೂ. ಪ್ರತಿದಿನ ಒಂದೊಂದು ಹೊಸ ಪ್ರಶ್ನೆ. ಬಾಲ ಹೇಗಿತ್ತು, ಸುಳಿ ಇತ್ತೇ, ಎಳೆದದ್ದು ನೆಟ್ಟಗೋ ಅಡ್ಡವೋ. ಸಂತೆಯಲ್ಲಿ ಹೋರಿ ಕೊಳ್ಳುವವರು ಹಲ್ಲು ನೋಡುವುದರಲ್ಲಿ ಏನನ್ನೂ ಬಿಡುವುದಿಲ್ಲವಲ್ಲ, ಹಾಗೆ. ನನಗೂ ಹೇಳಿ ಹೇಳಿ ರಾತ್ರಿ ಸ್ವಲ್ಪ ನಿದ್ದೆ ಹತ್ತತೊಡಗಿತು. ಒಂದು ದಿನ ನಾನು ಎರಡೂ ಕೈ ಅಗಲಿಸಿ ಅದರ ಉದ್ದ ತೋರಿಸುತ್ತಿದ್ದಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಲಿಂಗದ ಮುಂದ ಕುಂತು ಮೀನಿನ ಮಾತೇನ್ರೀ?"

ಮಾವನವರು ಸೋಲಲಿಲ್ಲ. "ತಿನ್ನೂದು ಕೇಳ್ಲತ್ತಿಲ್ಲ. ಮಾಪ ಕೇಳ್ಲತ್ತೀನಿ."

"ಹಗ್ಗ ತಾಕ್ಯಾದ ಅಂದಿದ್ರಿ."

"ಹಗ್ಗದ ಆ ತುದಿಗಿ ಇದಿತ್ತು."

ಅತ್ತೆ ನನ್ನನ್ನು ನೋಡಿದರು. "ಮತ್ತ ನೀ ಇವರಿಗಿ ಮುದುಕಾ ಅಂದಿ ಅಂತ?"

ನಮ್ಮವರ ಹೊಟ್ಟೆಯಲ್ಲಿ ಸಮುದ್ರದ ಮೇಲೆ ಅನ್ನ ನಿಲ್ಲಲಿಲ್ಲ, ಮನೆಯಲ್ಲಿ ಮಾತು ನಿಲ್ಲಲಿಲ್ಲ.

"ನಾ ಇಷ್ಟ ವರ್ಷದಿಂದ ಅನಬೇಕಂತ ಮಾಡೀನಿ" ಎಂದು ಹೇಳಿ ಅತ್ತೆ ಒಳಗೆ ಹೋದರು.

ಪಟ್ಟಿ ಬಿಚ್ಚುವ ದಿನ ಉಮರ್ಗಾದ ಡಾಕ್ಟರ ಹತ್ತಿರ ನಾವೆಲ್ಲ ಹೋದೆವು. ಡಾಕ್ಟರು ಕೈ ತೆರೆಯಿರಿ ಎಂದರು. ಮಾವನವರು ತೆರೆದರು. ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ತೆರೆದರು, ಹಣೆಯಲ್ಲಿ ಬೆವರು ಒಡೆಯಿತು. ಬೆರಳುಗಳು ಒಳಕ್ಕೇ ಬಾಗಿದ್ದವು, ಅಂಗೈ ನಡುವೆ ತಗ್ಗಾಗಿ ಒಂದು ಸಣ್ಣ ಬಟ್ಟಲಿನಂತೆ ಉಳಿಯಿತು. ಇದಕ್ಕಿಂತ ಹೆಚ್ಚು ತೆರೆಯುವುದು ಕಷ್ಟ ಎಂದರು ಡಾಕ್ಟರು. ಇನ್ನು ಹೋರಿಯ ಹಗ್ಗ ಹಿಡಿಯುವುದಂತೂ ಆಗದ ಮಾತು. ನಮ್ಮವರು ಗೋಡೆ ನೋಡುತ್ತ ನಿಂತರು.

ಮಾವನವರು ಅಲ್ಲೇ ಬೆಂಚಿನ ಮೇಲೆ ಕುಳಿತು, ಬಲಗೈಯಿಂದ ಕೊರಳ ವಸ್ತ್ರ ಬಿಚ್ಚಿ, ಲಿಂಗವನ್ನು ತೆಗೆದು ಆ ತಗ್ಗಿನಲ್ಲಿ ಇಟ್ಟರು. ಕೈಯನ್ನು ಆ ಕಡೆ ಓರೆ ಮಾಡಿದರು, ಈ ಕಡೆ ಓರೆ ಮಾಡಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು.

"ಮೊದಲ ಸಪಾಟ ಇತ್ತು, ಜಪ್ಪಿಸಿ ಹಿಡೀಬೇಕಾಗ್ತಿತ್ತು. ಈಗ ಕುಂತದ ನೋಡು."

ಮರುದಿನ ಬೆಳಿಗ್ಗೆ ಅವರಿಗೆ ಎರಡೂ ಕೈ ಇದ್ದವು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ತಂಬಿಗೆ. ಇನ್ನು ನನ್ನ ಕೆಲಸವೇನೂ ಇರಲಿಲ್ಲ. ಪದ್ಧತಿ ಪದ್ಧತಿಯೇ ಎಂದು ನಾನು ಸೆರಗು ಹೊದ್ದು ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ಹಿಟ್ಟು ನಾದಲು ಕುಳಿತೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಪೂಜೆಯ ಕೋಣೆಯಿಂದ ನೀರಿನ ಸದ್ದು ಬಂತು, ನಿಂತಿತು. ಅತ್ತೆಯ ಕೈಯೂ ನಿಧಾನವಾಯಿತು.

"ಮಹಾನಂದಾ!"

ನನ್ನ ಹೆಸರು ಅವರ ಬಾಯಲ್ಲಿ ಅಷ್ಟು ಸಲೀಸಾಗಿ ಬರುತ್ತದೆಂದು ನಾನು ಎಣಿಸಿರಲಿಲ್ಲ.

"ಏನ್ರೀ ಮಾವಾ?"

"ಅದು ನೋಡ್ತು ಅಂದಿದ್ದಿಯಲ್ಲ, ಯಾವ ಕಣ್ಣಿಲೆ ನೋಡ್ತು?"

ನಾನು ಹಿಟ್ಟಿನ ಕೈಯಲ್ಲೇ ಎದ್ದೆ. ಹಿಂದಿನಿಂದ ಅತ್ತೆ ಸೆರಗಿನ ತುದಿ ಹಿಡಿದು ನಿಲ್ಲಿಸಿದರು.

"ತಡಿ, ಹಂಚ ಇಳಿಸಿ ಬರ್ತೀನಿ. ನಾ ಬರೂತನಾ ಹೇಳಬ್ಯಾಡ."